ಸ್ಲೈಡರ್ ಯಾರ ಕೈಯಲ್ಲಿರಬೇಕು?

ವರ್ಗ ಸಮೀಕರಣ ಎಂದರೇನು ಎಂದು ಹತ್ತನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ. ‘ಎ’ ಸೊನ್ನೆ ಆಗಿರಬಾರದು ಎಂಬ ಷರತ್ತಿನ ಸಮೇತ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಯಾಕೆ ಆಗಿರಬಾರದು ಎಂದರೆ ಮೌನ. ಜಿಯೋಜೀಬ್ರಾದಲ್ಲಿ ‘ಎ’ಯ ಸ್ಲೈಡರನ್ನು ಎರಡರಿಂದ ಸೊನ್ನೆಯತ್ತ ಎಳೆಯುತ್ತ ಹೋದರೆ ಬಟ್ಟಲಿನಂಥ ವಕ್ರರೇಖೆ ಅಗಲವಾಗುತ್ತ ಹೋಗಿ, ಸೊನ್ನೆಗೆ ಬಂದಾಗ ಸರಳರೇಖೆಯಾಗಿಬಿಡುತ್ತದೆ, ದಾಟಿದರೆ ಬೋರಲಾಗುತ್ತದೆ. ಬಾಯಿಪಾಠದ ಷರತ್ತು ಕಣ್ಣೆದುರೇ ಅರ್ಥವಾಗುತ್ತದೆ.

ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರ ಸುಮಾರಿಗೆ ಶುರುಮಾಡಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಕಿಲ್ಲ. ಕಳೆದ ದಶಕದಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಗಣಿತ ಶಿಕ್ಷಕರಿಗೆ ಇದರ ತರಬೇತಿಯೂ ನಡೆಯಿತು. ನನ್ನ ತಕರಾರು ಬಳಸುವ ಬಗೆಯ ಮೇಲೆ. ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ಮೇಷ್ಟ್ರು ಎಳೆದು ತೋರಿಸುತ್ತಾರೆ, ಮಕ್ಕಳು ಕೈಕಟ್ಟಿ ನೋಡುತ್ತಾರೆ. ಇದು ಸಿನಿಮಾ. ಮುಂದೇನಾಗಬಹುದೆಂದು ಊಹಿಸಿ, ಎಳೆದು, ಊಹೆ ಸುಳ್ಳಾದಾಗ ತಲೆ ಕೆರೆದುಕೊಳ್ಳುವ ಅವಕಾಶ ಮಗುವಿಗೆ ಸಿಗದಿದ್ದರೆ ಕಪ್ಪುಹಲಗೆಯೇ ವಾಸಿ.

ಕೊಪ್ಪಳ ಜಿಲ್ಲೆಯಲ್ಲಿ ಉದಾಹರಣೆಗಳಿಗೇನೂ ಬರವಿಲ್ಲ. ಮುನಿರಾಬಾದಿನ ತುಂಗಭದ್ರಾ ಜಲಾಶಯದ ಮಟ್ಟ, ಸಂಗ್ರಹ ಎರಡೂ ಮಳೆಗಾಲದುದ್ದಕ್ಕೂ ಪತ್ರಿಕೆಯಲ್ಲಿ ಬರುತ್ತವೆ. ತಳದಲ್ಲಿ ಒಂದಡಿ ಏರಿದರೆ ಸೇರುವ ನೀರು ಕಡಿಮೆ. ಮೇಲೆ, ಹಿನ್ನೀರು ಹರಡಿಕೊಂಡಾಗ, ಅದೇ ಒಂದಡಿಗೆ ಸೇರುವ ನೀರು ಬಹಳ. ಆದ್ದರಿಂದ ಅದರ ನಕ್ಷೆ ಮೇಲಕ್ಕೆ ಬಾಗುತ್ತದೆ. ಹೂಳಿಗೊಂದು ಸ್ಲೈಡರ್ ಇಡಿ: 1633 ಅಡಿಗೆ ಅಂದು 133 ಟಿಎಂಸಿ, ಇಂದು ಸುಮಾರು 105. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿಯ ಭತ್ತದ ಬಯಲಿನ ಆತಂಕವೆಲ್ಲ ಇದೇ ನಕ್ಷೆಯೊಳಗಿತ್ತು. ಹೊಸ ಗೇಟು ಕೂರಿಸಲು ಮಟ್ಟ ಎಷ್ಟಡಿ ಇಳಿಯಬೇಕು, ಅಷ್ಟಕ್ಕೆ ಎಷ್ಟು ನೀರು ಕಳೆದುಕೊಳ್ಳಬೇಕು?

ಕುಷ್ಟಗಿ, ಯಲಬುರ್ಗಾದ ಒಣಬೇಸಾಯದವರ ಲೆಕ್ಕ ಬೇರೆ. ಬೋರು ಕೊರೆಸುವಾಗ ಇಂತಿಷ್ಟು ಅಡಿ ದಾಟಿದರೆ ಅಡಿಯ ದರ ಏರುತ್ತದೆ; ಆಳ ಮತ್ತು ಖರ್ಚಿನ ನಕ್ಷೆ ಹಂತಹಂತಕ್ಕೂ ಮೊಣಕೈಯಂತೆ ಬಾಗಿ ಕಡಿದಾಗುತ್ತದೆ. ಸಾಲದ ಲೆಕ್ಕ ಗೊತ್ತಿರುವ ಮನೆಯ ಮಗುವಿಗೆ ಇದನ್ನು ವಿವರಿಸಬೇಕಿಲ್ಲ.

ಇದು ನುಡಿಯ ಪ್ರಶ್ನೆಯೂ ಹೌದು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣ ಇದೇ. ಅದೇ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಇಂದು ಇಲ್ಲಿನ ಕನ್ನಡ ಮಾಧ್ಯಮದ ಮಗು ಪಿಯುಸಿ ವಿಜ್ಞಾನಕ್ಕೆ ಬಂದೊಡನೆ ಗಣಿತ ಇಂಗ್ಲಿಷಿಗೆ ಹೊರಳುತ್ತದೆ; ಫಂಕ್ಷನ್, ಡೊಮೇನ್, ರೇಂಜ್ ಎಲ್ಲ ಸರಿಯಾಗಿ ಆಗಲೇ ಎದುರಾಗುತ್ತವೆ. ಆದರೆ ಚಲಿಸುವ ನಕ್ಷೆಯೆದುರು ‘ಏರಾಕತ್ತೈತಿ’, ‘ಬಾಗಾಕತ್ತೈತಿ’, ‘ಇಲ್ಲಿ ಮುಟ್ಟೇ ಇಲ್ಲ’ ಎನ್ನಲು ಅದಕ್ಕೆ ಯಾರ ನಿಘಂಟೂ ಬೇಡ. ವ್ಯಾಖ್ಯಾನ ಆಮೇಲೆ ಬರಲಿ.

ಕೈಯಿಂದ ನಕ್ಷೆ ಎಳೆಯುವ ರೂಢಿ ತಪ್ಪುತ್ತದೆ ಎನ್ನುವವರಿದ್ದಾರೆ. ತಪ್ಪಬಾರದು, ಬಿಂದು ಗುರುತಿಸುವ ಶಿಸ್ತು ಬರುವುದು ಗ್ರಾಫ್ ಹಾಳೆಯಿಂದಲೇ. ಆದರೆ ಒಂದು ಹಾಳೆ ಒಂದು ಸ್ಥಿತಿಯನ್ನಷ್ಟೇ ತೋರಿಸುತ್ತದೆ. ‘ಸಿ’ಯನ್ನು ಹೆಚ್ಚಿಸುತ್ತ ಹೋದಂತೆ ಎರಡು ಮೂಲಗಳು ಹತ್ತಿರ ಬಂದು, ಒಂದಾಗಿ, ಮಾಯವಾಗುವುದನ್ನು ಕಾಣಲು ಐವತ್ತು ಹಾಳೆ ಯಾರು ಎಳೆಯುತ್ತಾರೆ? ಯಂತ್ರಗಳೆಲ್ಲಿ ಎನ್ನುವವರಿಗೆ: ನಾಲ್ಕು ಮಕ್ಕಳಿಗೊಂದು ಹಳೆಯ ಲ್ಯಾಪ್‌ಟಾಪ್ ಸಾಕು. ವಾದ ಮಾಡಲು ಜೊತೆಗಾರರೂ ಸಿಕ್ಕಂತಾಯಿತು.

ನಿಜವಾದ ಅಡ್ಡಿ ಪರೀಕ್ಷೆ. ಎರಡು ಸರಳರೇಖೆ ಎಳೆದು ಛೇದಿಸಿದರೆ ಅಂಕ ಸಿಗುವಾಗ ಯಾವ ಮೇಷ್ಟ್ರು ಪಾಠ ನಿಲ್ಲಿಸಿ ಮಕ್ಕಳನ್ನು ಆಡಲು ಬಿಟ್ಟಾರು? ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಬದಲಿಸಿ: ಈ ಸಂಖ್ಯೆ ಬದಲಾದರೆ ನಕ್ಷೆ ಏನಾಗುತ್ತದೆ, ಯಾಕೆ? ನಿಮ್ಮ ಮಾತಿನಲ್ಲೇ ಬರೆಯಿರಿ. ಆಗ ಸ್ಲೈಡರ್ ತಾನಾಗಿ ಮಕ್ಕಳ ಕೈಗೆ ಬರುತ್ತದೆ.