ಬೀಡಿ ಬಿಡಿಸುವುದೂ ಮನೋರೋಗದ ಚಿಕಿತ್ಸೆಯೇ

‘ಪಾಪ, ಅವಂಗ ಅದೊಂದೇ ಸಮಾಧಾನ ಅದ, ಸೇದ್ಲಿ ಬಿಡ್ರಿ.’ ಬೀದರ್ ಜಿಲ್ಲೆಯ ಬಗದಲದಲ್ಲಿರಲಿ, ಭಾಲ್ಕಿ, ಔರಾದಿನ ಹಳ್ಳಿಗಳಲ್ಲಿರಲಿ, ಮನೋರೋಗ ಇರುವವರ ಕೈಯ ಬೀಡಿ ಕಂಡಾಗ ಮನೆಯವರ ಬಾಯಲ್ಲಿ ಬರುವ ಮಾತು ಇಂಥದ್ದೇ. ಅದರ ಹಿಂದೆ ಅಂತಃಕರಣ ಇದೆ, ಅನುಮಾನವಿಲ್ಲ. ಆದರೆ ತೀವ್ರ ಮನೋರೋಗ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಹೆಚ್ಚಿನವರ ಜೀವ ತೆಗೆಯುವುದು ಹೃದಯ, ಶ್ವಾಸಕೋಶದಂಥ ದೇಹದ ಕಾಯಿಲೆಗಳು. ಅವುಗಳ ಹಿಂದಿರುವ ದೊಡ್ಡ ಕಾರಣಗಳಲ್ಲಿ ತಂಬಾಕು ಒಂದು. ಹೀಗಿರುವಾಗ ಬೀಡಿ ಬಿಡಿಸುವ ಕೆಲಸ ಮನೋರೋಗದ ಚಿಕಿತ್ಸೆಯ ಚೀಟಿಯಲ್ಲೇ ಸೇರಬೇಕು. ರೋಗ ವಾಸಿಯಾದ ಮೇಲೆ ನೋಡೋಣ ಎಂದು ಮುಂದೂಡುವುದು ತಪ್ಪು. ವರ್ಷಗಟ್ಟಲೆ ಗುಳಿಗೆ ನುಂಗಬೇಕಾದ ಕಾಯಿಲೆಯಲ್ಲಿ ಆ ‘ಮೇಲೆ’ ಬರುವುದು ಯಾವಾಗ?

ಬೀಡಿ ಸಮಾಧಾನ ಕೊಡುವುದು ಸುಳ್ಳೇನಲ್ಲ. ಎಳೆಯದೆ ಬಿಟ್ಟರೆ ಆರಿಹೋಗುವ ವಸ್ತು ಅದು, ಹಾಗಾಗಿ ಸೇದುವವರು ಮತ್ತೆ ಮತ್ತೆ ದಮ್ಮು ಎಳೆಯುತ್ತಲೇ ಇರಬೇಕು. ಮೈಗೆ ಹೋದ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ಚಡಪಡಿಕೆ, ಸಿಡಿಮಿಡಿ ಶುರು. ಮುಂದಿನ ಬೀಡಿ ಅದನ್ನು ತಣಿಸುತ್ತದೆ, ಆ ಚಡಪಡಿಕೆ ಹಿಂದಿನ ಬೀಡಿ ತಂದದ್ದೆಂಬುದು ಯಾರಿಗೂ ಹೊಳೆಯುವುದಿಲ್ಲ. ಬಿಟ್ಟ ಮೊದಲ ವಾರ ಕಷ್ಟದ್ದು. ಎರಡರಿಂದ ನಾಲ್ಕು ವಾರದಲ್ಲಿ ಆ ಚಡಪಡಿಕೆ ಇಳಿಯುತ್ತಾ ಬರುತ್ತದೆ. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಸೇದುವುದನ್ನು ಬಿಟ್ಟವರಲ್ಲಿ ಖಿನ್ನತೆ, ಆತಂಕ, ಒತ್ತಡ ಕಡಿಮೆಯಾಗಿದ್ದವು. ಮನೋರೋಗ ಇದ್ದವರಲ್ಲೂ ಹಾಗೆಯೇ.

ಬೀಡಿ ಬಿಟ್ಟರೆ ರೋಗ ಮರುಕಳಿಸೀತು ಎಂಬ ಭಯವನ್ನು ಹಗುರವಾಗಿ ತಳ್ಳಿಹಾಕಲಾಗದು. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಯೊಂದು ಸಿಗುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್, ಓಲಾಂಜಪಿನ್ ಗುಳಿಗೆಗಳನ್ನು ಯಕೃತ್ತು ಕರಗಿಸುತ್ತದೆ. ತಂಬಾಕಿನ ಹೊಗೆ ಆ ಕೆಲಸವನ್ನು ಚುರುಕಾಗಿಸುವುದರಿಂದ ಸೇದುವವರಿಗೆ ಹೆಚ್ಚು ಔಷಧಿ ಬೇಕಾಗುತ್ತದೆ. ಅವರು ದಿಢೀರನೆ ಬಿಟ್ಟರೆ ಅದೇ ಪ್ರಮಾಣದ ಔಷಧಿ ರಕ್ತದಲ್ಲಿ ಏರಿ, ವಿಪರೀತ ಮಂಪರು, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ಮನೆಯವರು ಅದನ್ನು ಕಂಡು ‘ಬೀಡಿ ಬಿಡಿಸಿದ್ದೇ ತಪ್ಪಾಯ್ತು’ ಎಂದುಕೊಂಡರೆ ಆಶ್ಚರ್ಯವಿಲ್ಲ. ನಿಜವಾಗಿ ಆಗಬೇಕಾದ್ದು ವೈದ್ಯರಿಗೆ ಮೊದಲೇ ಹೇಳಿ ಔಷಧಿಯ ಪ್ರಮಾಣ ಸರಿಪಡಿಸಿಕೊಳ್ಳುವುದು. ಗುಳಿಗೆ ಬೇಗ ಕರಗುವುದು ಹೊಗೆಯ ಪರಿಣಾಮ, ನಿಕೋಟಿನ್‌ನದ್ದಲ್ಲ. ಹಾಗಾಗಿ ನಿಕೋಟಿನ್ ಗಮ್ ಅಗಿದರೂ ಔಷಧಿಯ ಪ್ರಮಾಣ ಬದಲಿಸಲೇಬೇಕಾಗಬಹುದು. ರೋಗಿ ದಿನಕ್ಕೆ ಎಷ್ಟು ಬೀಡಿ ಸೇದುತ್ತಾನೆಂದು ಕೇಳದೆ ಈ ಗುಳಿಗೆಗಳನ್ನು ಬರೆದುಕೊಡುವುದು ಅರ್ಧ ಚಿಕಿತ್ಸೆ ಎಂದೇ ನನ್ನ ತಿಳಿವಳಿಕೆ.

ಬಿಡಿಸುವ ಔಷಧಿಯೇ ತಲೆ ಕೆಡಿಸೀತು ಎಂಬ ಅಂಜಿಕೆ ಹಿಂದೆ ವೈದ್ಯರಿಗೂ ಇತ್ತು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ವರೆನಿಕ್ಲಿನ್, ಬುಪ್ರೊಪಿಯಾನ್ ಔಷಧಿಗಳ ಮಾಹಿತಿಪತ್ರದಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದರು. 2016ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನದಲ್ಲಿ 8,000ಕ್ಕೂ ಹೆಚ್ಚು ಜನರಿದ್ದರು, ಸುಮಾರು ಅರ್ಧದಷ್ಟು ಮಂದಿ ಮನೋರೋಗ ಇದ್ದವರು. ಈ ಔಷಧಿಗಳಿಂದ ಮಾನಸಿಕ ತೊಂದರೆ ಗಮನಾರ್ಹವಾಗಿ ಹೆಚ್ಚಲಿಲ್ಲ. ಅದೇ ವರ್ಷ ಆ ಎಚ್ಚರಿಕೆ ತೆಗೆದುಹಾಕಲಾಯಿತು. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಕೂಡದು, ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ತಜ್ಞರು ಸಿಗಲೆಂದು ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ತಂದಿದೆ. ಗಮ್‌ನಂಥ ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ದೇಶದ ಅಗತ್ಯ ಔಷಧಿಗಳ ಪಟ್ಟಿ ಸೇರಿದೆ. ಇವೆರಡೂ ಭಾಲ್ಕಿಯಲ್ಲಿ, ಔರಾದಿನಲ್ಲಿ ಒಂದೇ ಮೇಜಿನ ಮೇಲೆ ಕೂಡಬೇಕು, ಬಗದಲದಿಂದ ಬೀದರಿಗೆ ಹೋಗುವ ರೋಗಿಗೂ ಸಿಗಬೇಕು. ಮನೆಯಲ್ಲಿ ಇಂಥವರಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬೀಡಿಯ ಮಾತನ್ನು ನೀವೇ ಎತ್ತಿರಿ. ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ಸಹಾಯವಾಣಿ 1800-11-2356, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡರಲ್ಲೂ ಕನ್ನಡದಲ್ಲೇ ಮಾತಾಡಬಹುದು.