ಮುಚ್ಚಿಗೆಯ ಲೆಕ್ಕ: ಉಮಿಯೋ, ಥರ್ಮಾಕೋಲೋ?

ಮಲೆನಾಡಿನಲ್ಲಿ ಸೋಗೆಯ ಮಾಡು ಹೋಗಿ ಹೆಂಚು ಬಂದಿತು. ಹೆಂಚಿನ ಜಾಗಕ್ಕೆ ತಗಡು, ಕಾಂಕ್ರೀಟು ಬರುತ್ತಿವೆ. ಅವುಗಳೊಡನೆ ಬೇಸಿಗೆಯ ಧಗೆಯೂ ಮನೆಯೊಳಗೆ ಇಳಿದಿದೆ. ಅದನ್ನು ತಡೆಯಲು ಪೇಟೆಯ ಥರ್ಮಾಕೋಲ್, ಗಾಜಿನ ಉಣ್ಣೆಗಳೇ ಬೇಕೆ? ನಮ್ಮ ಗದ್ದೆಯ ಉಮಿ ಸಾಲದೆ? ಯಾವುದು ಅಗ್ಗ?

ಚದರಡಿಯ ಬೆಲೆಯನ್ನಷ್ಟೇ ನೋಡಿದರೆ ಉತ್ತರ ಸಿಗದು. ಶಾಖವನ್ನು ಸಮನಾಗಿ ತಡೆಯುವ ದಪ್ಪಗಳನ್ನು ಹೋಲಿಸಬೇಕು. 5 ಸೆಂ.ಮೀ. ಥರ್ಮಾಕೋಲಿಗೆ ಸಾಟಿಯಾಗಲು ಒಣ ಉಮಿ ಸುಮಾರು 8 ಸೆಂ.ಮೀ. ದಪ್ಪವಿರಬೇಕು. 10 ಅಡಿ ಉದ್ದಗಲದ ಕೋಣೆಯ ಮುಚ್ಚಿಗೆಗೆ ಇದು ಹೆಚ್ಚುಕಡಿಮೆ ಒಂದು ಕ್ವಿಂಟಾಲ್. ಭತ್ತದ ತೂಕದಲ್ಲಿ ಐದನೆಯ ಒಂದು ಪಾಲು ಉಮಿ. ಎಂದರೆ 5 ಕ್ವಿಂಟಾಲ್ ಭತ್ತದ ಉಮಿ ಸಾಕು.

ಸಸ್ಯಮೂಲದ್ದೆಲ್ಲ ಪುಕ್ಕಟೆಯೆಂಬ ಭ್ರಮೆಯೂ ಬೇಡ. ಬೈಹುಲ್ಲನ್ನು ಮಾಡಿಗೇರಿಸಿದರೆ ದನಗಳಿಗೆ ಮೇವು ಕೊಳ್ಳಬೇಕು. ಸೋಗೆ ಹೊದಿಸಿದರೆ ತೋಟಕ್ಕೆ ಮುಚ್ಚಿಗೆ ತಪ್ಪುತ್ತದೆ. ಪ್ರತಿ ವರ್ಷದ ಹೊದಿಕೆಗೆ ಆಳಿನ ಕೂಲಿಯೂ ಉಂಟು. ಸಿಲಿಕಾ ಹೆಚ್ಚಿರುವ ಉಮಿಯಾದರೋ ಮೇವಿಗೆ ಒದಗದು, ಬೇಗ ಕೊಳೆಯದು. ಆದುದರಿಂದ ಅದೇ ಮೇಲು.

ಆದರೆ ಉಮಿಗೂ ಖರ್ಚುಂಟು. ತೌಡು ಬೆರೆತಿದ್ದರೆ ಹುಳ ಹಿಡಿಯುತ್ತದೆ. ಜಾಲಿಸಿ, ಒಣಗಿಸಿ, ಸುಣ್ಣದ ಪುಡಿ ಬೆರೆಸಬೇಕು. ಇಲಿ, ಗೆದ್ದಲುಗಳಿಗೆ ದಾರಿ ಮುಚ್ಚಬೇಕು. ಕಿಡಿ ಬಿದ್ದರೆ ಒಳಗೊಳಗೇ ಕನಲುವುದರಿಂದ ಮೇಲೆ ಮಣ್ಣಿನ ಪದರ ಬೇಕು. ಆ ಭಾರವನ್ನು ತೊಲೆ ತಾಳಬೇಕು. ಒದ್ದೆಯಾದ ಉಮಿ ಶಾಖವನ್ನು ತಡೆಯದು. ಮಾಡು ಸೋರುವ ಮನೆಗೆ ಅದು ಸಲ್ಲದು.

ಥರ್ಮಾಕೋಲಿಗೆ ಈ ಆರೈಕೆಗಳಲ್ಲಿ ಕೆಲವು ಬೇಡ. ಆದರೆ ಅದು ಪೆಟ್ರೋಲಿಯಂ ಮೂಲದ್ದು. ಬೆಂಕಿ ತಗುಲಿದರೆ ಕರಗಿ, ವಿಷದ ಹೊಗೆ ಕಾರುತ್ತದೆ. ಕಿತ್ತೆಸೆದ ಚೂರುಗಳು ಮಳೆನೀರಿನೊಡನೆ ಹಳ್ಳ ಸೇರುತ್ತವೆ. ಈ ವೆಚ್ಚ ಅಂಗಡಿಯ ರಸೀದಿಯಲ್ಲಿ ಬರುವುದಿಲ್ಲ. ಕೊಟ್ಟ ಹಣ ಊರು ಬಿಡುತ್ತದೆ. ಉಮಿಯ ಕೂಲಿ ಊರಲ್ಲೇ ಉಳಿಯುತ್ತದೆ.

ಆದ್ದರಿಂದ ನಮ್ಮ ನಿಲುವು ಇಷ್ಟು: ಸೋರದ ಮಾಡು, ಗಟ್ಟಿ ಅಟ್ಟ, ಮನೆಯವರ ದುಡಿಮೆ ಇದ್ದಲ್ಲಿ ಉಮಿಯೇ ಲಾಭ. ಕಾಂಕ್ರೀಟು ತಾರಸಿಯವರು ಯಾವುದನ್ನೂ ಕೊಳ್ಳುವ ಮೊದಲು ಬೇಸಿಗೆಯ ಆರಂಭದಲ್ಲಿ ಬಿಳಿ ಸುಣ್ಣ ಬಳಿದು ನೋಡಲಿ. ಅದಕ್ಕಿಂತ ಅಗ್ಗದ್ದು ಬೇರಿಲ್ಲ. ವಿದ್ಯಾರ್ಥಿಗಳು ಏಪ್ರಿಲ್ ಮಧ್ಯಾಹ್ನಗಳಲ್ಲಿ ತಗಡು, ಹೆಂಚು, ಉಮಿಯ ಮುಚ್ಚಿಗೆಗಳ ಕೆಳಗಿನ ಉಷ್ಣಾಂಶ ಅಳೆದು ಊರವರ ಮುಂದಿಡಲಿ.

ಒಂದು ಎಚ್ಚರಿಕೆ: ಗದ್ದೆಗಳೆಲ್ಲ ಅಡಿಕೆ ತೋಟಗಳಾದರೆ ಉಮಿಯೂ ಲಾರಿಯಲ್ಲೇ ಬರಬೇಕಾದೀತು. ಆಗ ಈ ಲೆಕ್ಕವೆಲ್ಲ ತಲೆಕೆಳಗು.