ರಾಜೀನಾಮೆಗೆ ಸಹಿ ಹಾಕೋ ಮುಂಚೆ



ಹಾಸ್ಟೆಲ್ ಬಿಟ್ಟ ಬೇವೂರಿನ ಹುಡುಗರು ಬೆಂಗಳೂರಿನ ಕಾರ್ಖಾನೆ ಸೇರ್ತಾರ. ಅಲ್ಲಿ ಮೇಲಿನವನು ಜಾತಿ ಎತ್ತಿ ಬೈದರೆ, ರಾಜೀನಾಮೆ ಬರೆದುಕೊಟ್ಟು ಊರಿನ ಬಸ್ಸು ಹತ್ತತಾರ. ಸ್ವಾಭಿಮಾನ ಸರಿ. ಆದರೆ ಕಾನೂನು ಅದನ್ನು 'ಸ್ವಇಚ್ಛೆ' ಎನ್ನುತ್ತದೆ. ಇ.ಎಸ್.ಐ. ಕಾರ್ಮಿಕರಿಗೆ 2005ರಲ್ಲಿ ಬಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ನೋಡ್ರಿ: ಕಾರ್ಖಾನೆ ಮುಚ್ಚಿದರೆ, ಹೆಚ್ಚುವರಿ ಎಂದು ಮಾಲೀಕ ತೆಗೆದರೆ ನಿರುದ್ಯೋಗ ಭತ್ಯೆ ಉಂಟು, ತಾನಾಗಿ ಬಿಟ್ಟವನಿಗೆ ಇಲ್ಲ. ಬೈದವನ ಕುರ್ಚಿ ಉಳಿಯಿತು, ಬೈಸಿಕೊಂಡವನ ಭತ್ಯೆ ಹೋಯಿತು. ಇದು ಯಾರ ಇಚ್ಛೆ?

ಸಿಟ್ಟಿನಾಗ ಸಹಿ ಹಾಕಬ್ಯಾಡ್ರಿ. ನಡೆದದ್ದನ್ನು ತಾರೀಖು, ಸಾಕ್ಷಿ ಸಮೇತ ಬರೆದಿಡ್ರಿ. ನಾಲ್ಕು ಜನರೆದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಐತಿ. ಅವಮಾನದಿಂದ ಬಿಟ್ಟ ಕೆಲಸವನ್ನು ಕಿತ್ತುಕೊಂಡ ಕೆಲಸವೆಂದೇ ಎಣಿಸಬೇಕು. ಇದು ನಮ್ಮ ಬೇಡಿಕೆ.

ಜೈ ಭೀಮ್.